ನಾವು ಹಾರಿದ ದೂರದ ಲೆಕ್ಕ ನಮ್ಮ ಜೊತೆ ಬರಲಿ

ದೇಶ ಬಿಟ್ಟು ನೆಲೆಸಲು ಹೊರಟ ವಿಮಾನ ಪ್ರಯಾಣಿಕರ ಹಕ್ಕೊತ್ತಾಯ ಪತ್ರ

ಇವರಿಗೆ:
ನಾಗರಿಕ ವಿಮಾನಯಾನ ಸಚಿವಾಲಯ, ನವದೆಹಲಿ
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ
ಭಾರತೀಯ ರಿಸರ್ವ್ ಬ್ಯಾಂಕ್
ಬೆಂಗಳೂರು ಮತ್ತು ಮಂಗಳೂರಿನಿಂದ ವಿದೇಶಕ್ಕೆ ಹಾರುವ ಎಲ್ಲ ವಿಮಾನ ಕಂಪನಿಗಳು

ಪ್ರತಿ: ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕ ಸರ್ಕಾರ

ಮಾನ್ಯರೇ,

ನೌಕರಿಗೆಂದು, ಓದಿಗೆಂದು, ಮದುವೆಯಾಗಿ, ಇಲ್ಲವೇ ಮಕ್ಕಳ ಜೊತೆ ಇರೋಣವೆಂದು ಕರ್ನಾಟಕ ಬಿಟ್ಟು ಬೇರೆ ದೇಶದಲ್ಲಿ ನೆಲೆಸಿದವರು, ನೆಲೆಸಲು ಹೊರಟವರು ನಾವು. ಮನೆ ಖಾಲಿ ಮಾಡುವ ತಿಂಗಳಲ್ಲಿ ನಮ್ಮ ಓಡಾಟ ಒಂದೆರಡಲ್ಲ. ಗ್ಯಾಸ್ ಸಿಲಿಂಡರ್ ವಾಪಸ್ ಕೊಡುತ್ತೇವೆ, ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆ ಮಾಡಿಸುತ್ತೇವೆ, ಪಿಎಫ್ ಲೆಕ್ಕ ನೋಡುತ್ತೇವೆ, ಮಕ್ಕಳ ಟಿ.ಸಿ. ತರುತ್ತೇವೆ. ಬ್ಯಾಂಕಿನಲ್ಲಿದ್ದ ದುಡ್ಡಾಗಲಿ ಪಿಎಫ್ ಆಗಲಿ, ನಾವು ಗಡಿ ದಾಟಿದೆವು ಎಂಬ ಕಾರಣಕ್ಕೆ ಕರಗಿ ಹೋಗುವುದಿಲ್ಲ. ವಿಮಾನ ಕಂಪನಿಯ ಖಾತೆಯಲ್ಲಿ ವರ್ಷಗಟ್ಟಲೆ ಕೂಡಿಸಿದ ಮೈಲ್ಸ್, ಅಂದರೆ ಹಾರಿದ್ದಕ್ಕೆ ಸಿಕ್ಕ, ಮುಂದಿನ ಟಿಕೆಟ್ಟಿಗೆ ಬಳಸುವ ಪಾಯಿಂಟ್ಸ್, ಮಾತ್ರ ನಮ್ಮ ಹಿಂದೆ ಬರುವುದಿಲ್ಲ. ಇದ್ದಲ್ಲೇ ಇದ್ದು, ಗಡುವು ತುಂಬಿ, ಒಂದು ದಿನ ಸೊನ್ನೆಯಾಗುತ್ತದೆ.

ಕರಡು ಬರೆದವಳು ನಾನಾದ್ದರಿಂದ ನನ್ನದನ್ನೇ ಮೊದಲು ಹೇಳುತ್ತೇನೆ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ದುಡಿದೆ. ವರ್ಷಕ್ಕೆ ಐದಾರು ಸಲ ಹೊರದೇಶದ ಪ್ರಯಾಣ. ಮಗಳಿಗೆ ಜ್ವರವಿದ್ದ ರಾತ್ರಿಯೂ ಸೂಟ್‌ಕೇಸ್ ಎಳೆದುಕೊಂಡು ದೇವನಹಳ್ಳಿ ದಾರಿ ಹಿಡಿದಿದ್ದೇನೆ. ಅವಳ ಶಾಲೆಯ ಎರಡು ವಾರ್ಷಿಕೋತ್ಸವಗಳನ್ನು ಫೋನಿನಲ್ಲಿ ನೋಡಿದ್ದೇನೆ. ಹಾಗೆ ಒಂದೇ ಕಂಪನಿಯ ಖಾತೆಯಲ್ಲಿ 1,12,000 ಮೈಲ್ಸ್ ಸೇರಿತ್ತು. 2022ರಲ್ಲಿ ಐರ್ಲೆಂಡಿನ ಡಬ್ಲಿನ್‌ಗೆ ಬಂದೆವು. ಆ ಕಂಪನಿಯ ವಿಮಾನ ಡಬ್ಲಿನ್‌ಗೆ ಬರುವುದಿಲ್ಲ. ಊರಿಗೆ ಹೋಗಿಬರಲು ನಾವೀಗ ಹತ್ತುವುದು ಬೇರೊಂದು ಕಂಪನಿಯ ವಿಮಾನ. ಅದರ ಖಾತೆಯಲ್ಲಿ ಇದ್ದದ್ದು 38,000 ಮೈಲ್ಸ್. ಎರಡನ್ನೂ ಕೂಡಿಸಿದರೆ ಕಡೂರಿನಲ್ಲಿರುವ ಅಪ್ಪ ಅಮ್ಮನನ್ನು ಒಮ್ಮೆ ಕರೆಸಿಕೊಳ್ಳಬಹುದಿತ್ತು. ಎರಡೂ ಕಂಪನಿಗಳು ಒಂದೇ ಮೈತ್ರಿಕೂಟದವು, ಎರಡರ ವಿಮಾನದ ಮೇಲೂ ಒಂದೇ ಗುರುತು. ಆದರೂ ಈ ಖಾತೆಯಿಂದ ಆ ಖಾತೆಗೆ ಒಂದು ಮೈಲ್ ಕೂಡ ಹೋಗುವುದಿಲ್ಲ ಎಂದರು. ಇರುವುದನ್ನಾದರೂ ಬಳಸೋಣವೆಂದರೆ ಒಟಿಪಿ ನನ್ನ ಹಳೆಯ ನಂಬರಿಗೆ ಹೋಗುತ್ತಿತ್ತು. ನಂಬರ್ ಬದಲಿಸಿ ಎಂದರೆ ಖಾತೆಯ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದುವುದಿಲ್ಲ ಎಂದರು. ಇಮೇಲ್ ಮೇಲೆ ಇಮೇಲ್ ಬರೆದು ಅದು ಸರಿಯಾಗುವಷ್ಟರಲ್ಲಿ 71,000 ಮೈಲ್ಸ್ ಅವಧಿ ಮುಗಿದು ಹೋಗಿತ್ತು.

ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಅಷ್ಟು ದಿನ ಮಕ್ಳನ್ನ ಬಿಟ್ಟು ತಿರುಗಿದ್ಯಲ್ಲ ಪುಟ್ಟಿ, ಆ ಲೆಕ್ಕ ಎಲ್ಲೋಯ್ತು?”

ಆ ಪ್ರಶ್ನೆಯನ್ನೇ ನಿಮ್ಮ ಮುಂದಿಡುತ್ತಿದ್ದೇವೆ. ನಮ್ಮ ಹಕ್ಕೊತ್ತಾಯಗಳು ಇವು.

1. ಮೈಲ್ಸ್ ನಾವು ಮುಂಗಡವಾಗಿ ತೆತ್ತ ಮೌಲ್ಯ ಎಂದು ಒಪ್ಪಿಕೊಳ್ಳಿ.

1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ತನ್ನ ಎಎಡ್ವಾಂಟೇಜ್ ಯೋಜನೆ ಆರಂಭಿಸಿದಾಗ ಮೈಲ್ಸ್ ಎಂದರೆ ಪದೇ ಪದೇ ಬರುವ ಪ್ರಯಾಣಿಕನಿಗೆ ಕೊಡುವ ಉಡುಗೊರೆ ಎನ್ನಬಹುದಿತ್ತು. ಈಗ ಹಾಗೆನ್ನಲು ಬರುವುದಿಲ್ಲ. ಬ್ಯಾಂಕುಗಳು ವಿಮಾನ ಕಂಪನಿಗಳಿಂದ ಮೈಲ್ಸ್ ಅನ್ನು ಸಗಟಾಗಿ ದುಡ್ಡು ಕೊಟ್ಟು ಕೊಂಡು ಕ್ರೆಡಿಟ್ ಕಾರ್ಡ್ ಗ್ರಾಹಕರಿಗೆ ಕೊಡುತ್ತಿವೆ. ನಮ್ಮ ದೇಶದ ಲೆಕ್ಕಪತ್ರದ ಮಾನದಂಡ, 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 115, ಟಿಕೆಟ್ ಮಾರಿದಾಗ ಬಂದ ಹಣದಲ್ಲಿ ಪಾಯಿಂಟ್ಸ್‌ನ ಪಾಲನ್ನು ಬೇರೆ ತೆಗೆದಿಡಬೇಕು ಎನ್ನುತ್ತದೆ. ಪ್ರಯಾಣಿಕ ಅದನ್ನು ಬಳಸುವ ತನಕ, ಇಲ್ಲವೇ ಅದರ ಅವಧಿ ಮುಗಿಯುವ ತನಕ, ಆ ಪಾಲು ಕಂಪನಿಯ ಆದಾಯವಾಗುವುದಿಲ್ಲ. ತೀರಿಸಬೇಕಾದ ಬಾಕಿಯಾಗಿ ನಿಲ್ಲುತ್ತದೆ. ಅಂದರೆ ನಮ್ಮ ಟಿಕೆಟ್ ದುಡ್ಡಿನಲ್ಲೇ ಇದು ಸೇರಿತ್ತೆಂದು ಕಂಪನಿಯ ಲೆಕ್ಕದ ಪುಸ್ತಕವೇ ಹೇಳುತ್ತಿದೆ.

ಇನ್ನೊಂದು ಸಂಗತಿಯನ್ನು ನಾವು ಮರೆಯಲಾರೆವು. ಕೊರೊನಾ ಕಾಲದಲ್ಲಿ ವಿಮಾನಗಳ ಹಾರಾಟ ನಿಂತಾಗ ಅಮೆರಿಕದ ದೊಡ್ಡ ಕಂಪನಿಗಳು ಸಾಲ ಎತ್ತಲು ಒತ್ತೆ ಇಟ್ಟದ್ದು ತಮ್ಮ ಮೈಲ್ಸ್ ಯೋಜನೆಗಳನ್ನೇ. 2020ರಲ್ಲಿ ಯುನೈಟೆಡ್ 680 ಕೋಟಿ ಡಾಲರ್, ಡೆಲ್ಟಾ 900 ಕೋಟಿ ಡಾಲರ್, 2021ರಲ್ಲಿ ಅಮೆರಿಕನ್ 1,000 ಕೋಟಿ ಡಾಲರ್ ಎತ್ತಿದವು. ಸಾಲ ಕೊಡುವವನ ಮುಂದೆ ಅಷ್ಟು ಬೆಲೆ ಬಾಳುವ ವಸ್ತು, ಸದಸ್ಯನ ಕೈಯಲ್ಲಿದ್ದಾಗ ಮಾತ್ರ “ಸದಸ್ಯರ ಆಸ್ತಿಯಲ್ಲ” ಎಂದು ನಿಯಮಪುಸ್ತಕದಲ್ಲಿ ಅಚ್ಚಾಗುತ್ತದೆ. ಈ ವಾಕ್ಯವನ್ನು ತೆಗೆಯಿರಿ. ಕೆಳಗಿನ ಬೇಡಿಕೆಗಳೆಲ್ಲ ನಿಂತಿರುವುದು ಈ ಮೊದಲ ಬೇಡಿಕೆಯ ಮೇಲೆ.

2. ದೇಶ ಬದಲಿಸುವವರಿಗೆ ಒಂದು ಬಾರಿಯ ವರ್ಗಾವಣೆಯ ಹಕ್ಕು ಕೊಡಿ.

ನಮ್ಮ ಮುಖ್ಯ ಬೇಡಿಕೆ ಇದು. ಒಬ್ಬ ಸದಸ್ಯ ಬೇರೆ ದೇಶದಲ್ಲಿ ನೆಲೆಸಿದ 24 ತಿಂಗಳೊಳಗೆ, ವೀಸಾ ಅಥವಾ ವಾಸದ ಪರವಾನಗಿ ತೋರಿಸಿ, ತನ್ನ ಖಾತೆಯಲ್ಲಿರುವ ಮೈಲ್ಸ್ ಅನ್ನು ಅದೇ ಮೈತ್ರಿಕೂಟದ ಇನ್ನೊಂದು ಕಂಪನಿಯಲ್ಲಿರುವ ತನ್ನದೇ ಹೆಸರಿನ ಖಾತೆಗೆ ಸಾಗಿಸಿಕೊಳ್ಳಲು ಸಾಧ್ಯವಾಗಬೇಕು. ಇನ್ನೊಬ್ಬರಿಗೆ ಮಾರಲು ನಾವು ಕೇಳುತ್ತಿಲ್ಲ. ವರ್ಷ ವರ್ಷವೂ ಕೇಳುತ್ತಿಲ್ಲ. ಬದುಕು ಒಂದೂರಿಂದ ಇನ್ನೊಂದೂರಿಗೆ ಎದ್ದು ಹೋಗುವಾಗ ಒಂದು ಸಲ.

ಮೈತ್ರಿಕೂಟ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬಹಳ ಜನ ಮೋಸ ಹೋಗುವುದು ಇಲ್ಲೇ. 1997ರಲ್ಲಿ ಸ್ಟಾರ್ ಅಲಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಹುಟ್ಟಿದವು. ಏರ್ ಇಂಡಿಯಾ 2014ರ ಜುಲೈಯಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್, ಯುನೈಟೆಡ್ ಎಲ್ಲ ಅದೇ ಕೂಟದವು. ಒಂದು ಕಂಪನಿಯ ವಿಮಾನದಲ್ಲಿ ಹಾರಿ ಇನ್ನೊಂದರ ಖಾತೆಗೆ ಮೈಲ್ಸ್ ಬರೆಸಿಕೊಳ್ಳಬಹುದು. ಒಂದರ ಮೈಲ್ಸ್ ಕೊಟ್ಟು ಇನ್ನೊಂದರ ವಿಮಾನದಲ್ಲಿ ಸೀಟು ಪಡೆಯಬಹುದು. ಆದರೆ ಒಮ್ಮೆ ಖಾತೆಗೆ ಬಿದ್ದ ಮೈಲ್ಸ್ ಅಲ್ಲಿಂದ ಕದಲುವುದಿಲ್ಲ. ಬೆಂಗಳೂರಿನಲ್ಲಿದ್ದಾಗ ಒಂದು ಖಾತೆಗೆ, ಹೊರಗೆ ಹೋದ ಮೇಲೆ ಇನ್ನೊಂದು ಖಾತೆಗೆ ಹರಿದ ಮೈಲ್ಸ್ ಎರಡು ಕಡೆ ಅರ್ಧರ್ಧ ನಿಂತು, ಎರಡೂ ಕಡೆ ಒಂದು ಟಿಕೆಟ್ಟಿಗೆ ಸಾಲದೆ ಹೋಗುತ್ತದೆ.

ಇದು ಆಗದ ಕೆಲಸ ಎಂದು ಯಾರೂ ಹೇಳಬಾರದು. ಆಗಿರುವುದನ್ನು ನಾವು ಕಂಡಿದ್ದೇವೆ. ನಾನಿರುವ ಡಬ್ಲಿನ್‌ನ ಏರ್ ಲಿಂಗಸ್, ಬ್ರಿಟಿಷ್ ಏರ್‌ವೇಸ್, ಸ್ಪೇನಿನ ಐಬೀರಿಯಾ ಮೂರೂ ಏವಿಯೋಸ್ ಎಂಬ ಒಂದೇ ನಾಣ್ಯ ಬಳಸುತ್ತವೆ. 2022ರಲ್ಲಿ ಕತಾರ್ ಏರ್‌ವೇಸ್, 2024ರಲ್ಲಿ ಫಿನ್‌ಏರ್ ಅದಕ್ಕೆ ಸೇರಿಕೊಂಡವು. ಈ ಕಂಪನಿಗಳ ನಡುವೆ ಸದಸ್ಯನು ಒಂದಕ್ಕೆ ಒಂದರಂತೆ ತನ್ನ ಏವಿಯೋಸ್ ಸಾಗಿಸಬಹುದು. ದೋಹಾದಲ್ಲಿ ಕೆಲಸ ಮಾಡಿ ಲಂಡನ್‌ಗೆ ಹೋದ ಮಂಗಳೂರಿನ ಹುಡುಗ ತನ್ನ ಗಳಿಕೆಯನ್ನು ಜೊತೆಗೇ ಒಯ್ಯುತ್ತಾನೆ. ಬೇರೆ ಕೂಟದಲ್ಲಿ ಗಳಿಸಿದ ಅವನ ಅಣ್ಣನಿಗೆ ಆ ದಾರಿ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಅಲಾಸ್ಕಾ ಮತ್ತು ಹವಾಯಿಯನ್ ಏರ್‌ಲೈನ್ಸ್ ಒಂದಾದಾಗ, ಪ್ರಯಾಣಿಕರ ಮೈಲ್ಸ್ ಮೌಲ್ಯ ಕಳೆದುಕೊಳ್ಳಬಾರದು, ಒಂದಕ್ಕೆ ಒಂದರಂತೆ ಬದಲಾಗಬೇಕು ಎಂದು ಅಮೆರಿಕದ ಸಾರಿಗೆ ಇಲಾಖೆ ಷರತ್ತು ಹಾಕಿಯೇ ಒಪ್ಪಿಗೆ ಕೊಟ್ಟಿತು. ಸರ್ಕಾರ ಕೇಳಿದರೆ ಕಂಪನಿಗಳು ಮಾಡುತ್ತವೆ.

ನಮ್ಮ ದೇಶಕ್ಕೂ ಇದು ಹೊಸದಲ್ಲ. 2011ರ ಜನವರಿ 20ರಿಂದ ಕಂಪನಿ ಬದಲಿಸಿದರೂ ಮೊಬೈಲ್ ನಂಬರ್ ನಮ್ಮ ಹತ್ತಿರವೇ ಉಳಿಯುತ್ತದೆ. 2015ರ ಜುಲೈಯಿಂದ ರಾಜ್ಯ ಬದಲಿಸಿದರೂ ಉಳಿಯುತ್ತದೆ. ನೌಕರಿ ಬದಲಾದರೆ ಪಿಎಫ್ ಹಣ ಯುಎಎನ್ ಎಂಬ ಒಂದೇ ಸಂಖ್ಯೆ ಹಿಡಿದುಕೊಂಡು ಹಿಂದೆಯೇ ಬರುತ್ತದೆ. ನಂಬರ್ ಉಳಿಸಿಕೊಡಿ ಎಂದಾಗಲೂ ಮೊಬೈಲ್ ಕಂಪನಿಗಳು ಕಷ್ಟ ಹೇಳಿಕೊಂಡಿದ್ದವು.

ಎರಡು ಕಂಪನಿಗಳ ಮೈಲ್ಸ್‌ಗೆ ಒಂದೇ ಬೆಲೆ ಇಲ್ಲವಲ್ಲ ಎನ್ನಬಹುದು. ನಿಜ. ಡಾಲರಿಗೂ ರೂಪಾಯಿಗೂ ಒಂದೇ ಬೆಲೆ ಇಲ್ಲ, ಹಾಗೆಂದು ಬ್ಯಾಂಕು ಹಣ ಕಳಿಸುವುದನ್ನು ನಿಲ್ಲಿಸಿಲ್ಲ. ದರ ಹಾಕಿ ಕಳಿಸುತ್ತದೆ. ಒಬ್ಬರ ಮೈಲ್ಸ್‌ನಲ್ಲಿ ಇನ್ನೊಬ್ಬರ ಸೀಟು ಕೊಟ್ಟಾಗ ಕಂಪನಿಗಳು ತಮ್ಮೊಳಗೆ ಈಗಲೂ ಲೆಕ್ಕ ತೀರಿಸಿಕೊಳ್ಳುತ್ತಿವೆ. ಆ ಲೆಕ್ಕದ ದಾರಿಯನ್ನೇ ಇದಕ್ಕೂ ಬಳಸಲಿ.

3. ದರವನ್ನು ಮೊದಲೇ ಪ್ರಕಟಿಸಿ, ದಾರಿಯಲ್ಲಿ ಕತ್ತರಿಸಬೇಡಿ.

ಈಗ ಇರುವ ಸುತ್ತು ದಾರಿಗಳಲ್ಲಿ ನಷ್ಟ ಎಷ್ಟೆಂದು ನೋಡಿ. ಮ್ಯಾರಿಯಟ್ ಹೋಟೆಲ್ ಯೋಜನೆಯ ಪಾಯಿಂಟ್ಸ್ ಹತ್ತಾರು ವಿಮಾನ ಕಂಪನಿಗಳ ಮೈಲ್ಸ್ ಆಗಿ ಬದಲಾಗುತ್ತವೆ, ಆದರೆ ಸಾಮಾನ್ಯವಾಗಿ ಮೂರಕ್ಕೆ ಒಂದರಂತೆ. 60,000 ಒಮ್ಮೆಗೇ ಕೊಟ್ಟರೆ 20,000, ಜೊತೆಗೆ ಹೆಚ್ಚಿನ ಕಂಪನಿಗಳಲ್ಲಿ 5,000 ಹೆಚ್ಚುವರಿ. ಹೋಟೆಲಿನಲ್ಲಿ ತಂಗಿ ಗಳಿಸಿದವರಿಗೆ ಇದು ಸಹಾಯವೇ. ಆದರೆ ವಿಮಾನದ ಮೈಲ್ಸ್ ಹೊತ್ತು ನಿಂತವರಿಗೆ ಇದು ಎದುರು ದಿಕ್ಕಿನ ದಾರಿ. ವಿನಿಮಯ ಮಾಡಿಕೊಡುತ್ತೇವೆನ್ನುವ ಇತರ ಏರ್ಪಾಟುಗಳಲ್ಲಿ ಕೈಗೆ ಬರುವುದು ಚೂರುಪಾರು, ಅದರ ಮೇಲೆ ಶುಲ್ಕ ಬೇರೆ. ವರ್ಗಾವಣೆಯ ದರ ಎಲ್ಲರಿಗೂ ಕಾಣುವಂತೆ ಇರಬೇಕು. ದರ ಬದಲಿಸುವುದಿದ್ದರೆ 90 ದಿನ ಮುಂಚೆ ಹೇಳಬೇಕು. ಶುಲ್ಕ ಎಂದರೆ ಕೆಲಸದ ಖರ್ಚು ಅಷ್ಟೇ. ಸಾವಿರ ಮೈಲ್ಸ್‌ಗೆ ಇಷ್ಟು ಎಂದು ಏರುತ್ತಾ ಹೋಗಬಾರದು.

4. ವಲಸೆ ಹೋದವರ ಗಡುವನ್ನು ತಡೆಹಿಡಿಯಿರಿ.

ಕಂಪನಿಗೊಂದು ಗಡುವು. ಸಿಂಗಪುರ ಏರ್‌ಲೈನ್ಸ್‌ನಲ್ಲಿ ಮೈಲ್ಸ್ ಗಳಿಸಿದ 36 ತಿಂಗಳಿಗೆ ಮುಗಿಯುತ್ತದೆ. ಲುಫ್ತಾನ್ಸಾ ಬಳಗದಲ್ಲೂ ಮೇಲ್ದರ್ಜೆಯ ಸದಸ್ಯತ್ವವೋ ಅವರ ಕಾರ್ಡೋ ಇಲ್ಲದವರಿಗೆ 36 ತಿಂಗಳೇ. ಅಮೆರಿಕನ್‌ನಲ್ಲಿ 24 ತಿಂಗಳು ಖಾತೆ ಅಲುಗದಿದ್ದರೆ ಹೋಯಿತು. ಇದೇ ವ್ಯಾಪಾರದಲ್ಲಿರುವ ಡೆಲ್ಟಾದ ಮೈಲ್ಸ್‌ಗೆ ಗಡುವೇ ಇಲ್ಲ, ಯುನೈಟೆಡ್ 2019ರಲ್ಲಿ ಗಡುವನ್ನು ತೆಗೆದುಹಾಕಿತು. ಆದ್ದರಿಂದ ಗಡುವಿಲ್ಲದೆ ನಡೆಯದು ಎಂಬ ವಾದಕ್ಕೆ ಬಲವಿಲ್ಲ.

ಹೊಸ ದೇಶದ ಮೊದಲ ಎರಡು ವರ್ಷ ಹೇಗಿರುತ್ತದೆಂದು ಹೋದವರಿಗೆ ಗೊತ್ತು. ಮನೆ ಬಾಡಿಗೆಗೆ ಮುಂಗಡ ಕಟ್ಟಬೇಕು, ಮಕ್ಕಳ ಶಾಲೆ ಹುಡುಕಬೇಕು, ರಜೆ ಕೂಡಿರುವುದಿಲ್ಲ. ಊರಿಗೆ ಬರಲು ಕೈಯಲ್ಲಿ ದುಡ್ಡೂ ಇರುವುದಿಲ್ಲ, ಬಿಡುವೂ ಇರುವುದಿಲ್ಲ. ಅದೇ ಎರಡು ವರ್ಷದಲ್ಲಿ ಹಳೆಯ ಮೈಲ್ಸ್ ಸಾಯುತ್ತದೆ. ವಿಳಾಸ ಬದಲಾಯಿತೆಂದು ತಿಳಿಸಿದ ದಿನದಿಂದ 24 ತಿಂಗಳು ಗಡಿಯಾರ ನಿಲ್ಲಲಿ. ಗಡುವು ಮುಗಿಯುವ 90, 30 ಮತ್ತು 7 ದಿನ ಮುಂಚೆ ಇಮೇಲಿಗೂ ಫೋನಿಗೂ ಎಚ್ಚರಿಕೆ ಬರಲಿ.

5. ನಮ್ಮ ಹೆಸರನ್ನು ನಮ್ಮ ಹೆಸರಾಗಿ ಓದಿ.

ಬೇರೆಡೆಯವರಿಗೆ ಇದು ಸಣ್ಣ ವಿಷಯ. ಕನ್ನಡಿಗರಿಗೆ ಇಡೀ ಖಾತೆಯೇ ಇಲ್ಲಿ ಸಿಕ್ಕಿಬೀಳುತ್ತದೆ. ಹಳೆ ಮೈಸೂರು ಕಡೆ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ ಇರುತ್ತದೆ. ಕೆ.ಎನ್. ಮಂಜುನಾಥ ಎಂಬವರನ್ನು ಊಹಿಸಿಕೊಳ್ಳಿ. 2010ರಲ್ಲಿ ಖಾತೆ ತೆರೆಯುವಾಗ ಅವರು ಬರೆದದ್ದು ಇಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಅಕ್ಷರಗಳನ್ನು ಬಿಡಿಸಿದರು: ಕಡೂರು ನಾರಾಯಣಪ್ಪ ಮಂಜುನಾಥ. ಇದರಲ್ಲಿ ಯಾವುದು ಕೊಟ್ಟ ಹೆಸರು, ಯಾವುದು ಅಡ್ಡಹೆಸರು? ಪಾಸ್‌ಪೋರ್ಟಿನ ಒಂದು ಕಾಲಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಅವರ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ, ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಯುಎಇ 2022ರ ನವೆಂಬರಿನಿಂದ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಆಗ ಎಷ್ಟೋ ಜನ ಅವಸರದಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಅಡ್ಡಹೆಸರಿನ ಕಾಲಮ್ಮಿಗೆ ತಂದರು. ಕೊಡಗಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು. ಮದುವೆಯಾದ ಹೆಣ್ಣುಮಕ್ಕಳಲ್ಲಿ ಹೆಸರು ಬದಲಿಸಿಕೊಂಡವರು ಇದ್ದಾರೆ, ಬದಲಿಸದವರೂ ಇದ್ದಾರೆ, ಪಾಸ್‌ಪೋರ್ಟಿನಲ್ಲಿ ಮಾತ್ರ ಬದಲಾದವರೂ ಇದ್ದಾರೆ.

ಈಗ ವರ್ಗಾವಣೆ ಇರುವ ಕಡೆ ಮೊದಲ ಷರತ್ತೇ ಎರಡೂ ಖಾತೆಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು ಎಂಬುದು. ಹೊಂದದಿದ್ದರೆ ಯಂತ್ರ ತಳ್ಳಿಹಾಕುತ್ತದೆ, ಮನುಷ್ಯ ಸಿಗುವುದಿಲ್ಲ. ಇದಕ್ಕೆ ನಾವು ಕೇಳುವುದು: ಪಾಸ್‌ಪೋರ್ಟ್ ಸಂಖ್ಯೆ ಮತ್ತು ಜನ್ಮದಿನಾಂಕ ಹೊಂದಿದರೆ ಹೆಸರಿನ ಕ್ರಮ, ಇನಿಷಿಯಲ್ ಮತ್ತು ಕಾಗುಣಿತದ ವ್ಯತ್ಯಾಸವನ್ನು ತಡೆಯೆಂದು ಎಣಿಸಬಾರದು. ತಿದ್ದುಪಡಿಗೆ ಶುಲ್ಕ ಇರಬಾರದು. 15 ದಿನದಲ್ಲಿ ಮುಗಿಯಬೇಕು. ಮುಗಿಯುವ ತನಕ ಒಂದು ಮೈಲ್ ಕೂಡ ಗಡುವಿಗೆ ಬಲಿಯಾಗಬಾರದು.

6. ಒಟಿಪಿಯನ್ನು ನಾವಿರುವ ದೇಶದ ನಂಬರಿಗೆ ಕಳಿಸಿ.

ಸತತ 90 ದಿನ ಬಳಕೆಯಾಗದ ಪ್ರಿಪೇಯ್ಡ್ ಸಿಮ್ ಬಂದ್ ಆಗಬಹುದು. ಆಮೇಲೆ ಆ ನಂಬರ್ ಬೇರೆಯವರ ಪಾಲಾಗುತ್ತದೆ. ಊರಿನಲ್ಲಿ ತಮ್ಮನಿಗೋ ಅತ್ತಿಗೆಗೋ ಹೇಳಿ ತಿಂಗಳು ತಿಂಗಳು ರೀಚಾರ್ಜ್ ಮಾಡಿಸಿ, ನಡುರಾತ್ರಿ ಅವರನ್ನೆಬ್ಬಿಸಿ “ಬಂದ ನಂಬರ್ ಸ್ವಲ್ಪ ಓದಿ ಹೇಳು” ಎನ್ನುವ ಪಾಡು ನಮ್ಮಲ್ಲಿ ಮನೆಮನೆಯದು. ನಂಬರ್ ಕೈತಪ್ಪಿದವರ ಗತಿ ಇನ್ನೂ ಕಷ್ಟ: ಅವರ ಖಾತೆಯ ಬೀಗದ ಕೈ ಗುರುತಿಲ್ಲದವರ ಫೋನಿಗೆ ಹೋಗುತ್ತಿರುತ್ತದೆ. 2023ರ ಜನವರಿಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಅಮೆರಿಕ, ಬ್ರಿಟನ್, ಯುಎಇ, ಸೌದಿ, ಸಿಂಗಪುರ ಸೇರಿ 10 ದೇಶಗಳ ಮೊಬೈಲ್ ನಂಬರಿಗೆ ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯ ಯುಪಿಐ ತೆರೆದುಕೊಟ್ಟಿತು. ದುಡ್ಡಿನ ವ್ಯವಹಾರಕ್ಕೇ ಸಾಧ್ಯವಾದದ್ದು ಮೈಲ್ಸ್‌ಗೆ ಸಾಧ್ಯವಾಗಬೇಕು. ನಂಬರ್ ಬದಲಿಸಲು ಹಳೆಯ ನಂಬರಿಗೇ ಒಟಿಪಿ ಕಳಿಸುವ ಪದ್ಧತಿ ಕೂಡಲೇ ನಿಲ್ಲಲಿ.

7. ಕಾರ್ಡ್ ಮುಚ್ಚಿದರೆ ಪಾಯಿಂಟ್ಸ್ ಮುಳುಗಬಾರದು.

ಇದು ರಿಸರ್ವ್ ಬ್ಯಾಂಕಿಗೆ. ಅನಿವಾಸಿಯಾದೆವೆಂದು ತಿಳಿಸಿದಾಗ ಹಳೆಯ ಕ್ರೆಡಿಟ್ ಕಾರ್ಡ್ ಮುಚ್ಚುವ ಸಂದರ್ಭ ಬರುತ್ತದೆ. ಅದರಲ್ಲಿದ್ದ ಪಾಯಿಂಟ್ಸ್ ಅನ್ನು ಬ್ಯಾಂಕಿನ ಯಾವುದೇ ಪಾಲುದಾರ ವಿಮಾನ ಕಂಪನಿಗೆ ಸಾಗಿಸಿಕೊಳ್ಳಲು ಕಾರ್ಡ್ ಮುಚ್ಚಿದ ಮೇಲೂ 180 ದಿನ ಅವಕಾಶ ಇರಬೇಕು, ಮತ್ತು ಮುಚ್ಚುವ ಮೊದಲು ಬ್ಯಾಂಕಿನವರೇ ಇದನ್ನು ಬರಹದಲ್ಲಿ ತಿಳಿಸಬೇಕು.

8. ಅಪ್ಪ ಅಮ್ಮ ಬೇರೆ ಊರಿನಲ್ಲಿದ್ದರೂ ನಮ್ಮ ಕುಟುಂಬವೇ.

ಮನೆಯವರ ಮೈಲ್ಸ್ ಒಟ್ಟುಗೂಡಿಸುವ ಸೌಲಭ್ಯ ಹಲವು ಕಂಪನಿಗಳಲ್ಲಿದೆ. ಎಲ್ಲರೂ ಒಂದೇ ವಿಳಾಸದಲ್ಲಿರಬೇಕು ಎಂದೋ, ಗಂಡ ಹೆಂಡತಿ ಮಕ್ಕಳಷ್ಟೇ ಕುಟುಂಬ ಎಂದೋ ಷರತ್ತು ಹಾಕಿದಲ್ಲಿ ಅದು ನಮಗೆ ಉಪಯೋಗಕ್ಕೆ ಬರುವುದಿಲ್ಲ. ಮಗಳು ಡಬ್ಲಿನ್‌ನಲ್ಲಿ, ಅಪ್ಪ ಅಮ್ಮ ಕಡೂರಿನಲ್ಲಿ, ಅತ್ತೆ ಮಾವ ಧಾರವಾಡದಲ್ಲಿ ಇರುವ ಮನೆಯೂ ಒಂದು ಮನೆ. ಈ ಮೈಲ್ಸ್‌ನ ಮುಖ್ಯ ಉಪಯೋಗವೇ ದೂರವಿರುವವರನ್ನು ಹತ್ತಿರ ತರುವುದು. ಹತ್ತಿರವಿದ್ದರೆ ಮಾತ್ರ ಕೂಡಿಸುತ್ತೇವೆ ಎಂಬ ನಿಯಮ ನಮ್ಮನ್ನು ನೋಯಿಸುತ್ತದೆ. ಮೊಮ್ಮಗು ಹುಟ್ಟುವ ತಿಂಗಳಿಗೆ ಬಾಣಂತನ ಮಾಡಲು ಹೊರಟ ಅಜ್ಜಿ, ಚಕ್ಕುಲಿ ಡಬ್ಬ ಮತ್ತು ಮಾತ್ರೆಗಳ ಚೀಟಿ ಹಿಡಿದು ಚೆಕ್‌ಇನ್ ಸಾಲಿನಲ್ಲಿ ನಿಂತಿರುವುದನ್ನು ಬೆಂಗಳೂರು ನಿಲ್ದಾಣದಲ್ಲಿ ಯಾವ ರಾತ್ರಿ ಬೇಕಾದರೂ ನೋಡಬಹುದು. ಆ ಟಿಕೆಟ್ಟಿಗಾಗಿ ನಾವು ಇಷ್ಟೆಲ್ಲ ಬರೆಯುತ್ತಿದ್ದೇವೆ. ತಂದೆ ತಾಯಿ, ಅತ್ತೆ ಮಾವಂದಿರನ್ನು ವಿಳಾಸದ ಷರತ್ತಿಲ್ಲದೆ ಕುಟುಂಬ ಖಾತೆಗೆ ಸೇರಿಸಿ.

9. ದೇಶ ಬದಲಾದರೆ ಸದಸ್ಯತ್ವದ ದರ್ಜೆ ಒಂದು ವರ್ಷ ಮುಂದುವರಿಯಲಿ.

ಇದಕ್ಕೆ ಹೆಚ್ಚು ವಿವರಣೆ ಬೇಡ. ಹೊಸ ಕಂಪನಿಗೆ ಮೈಲ್ಸ್ ಸಾಗಿಸಿದವರಿಗೆ ಅದೇ ಕೂಟದ ಸಮಾನ ದರ್ಜೆ 12 ತಿಂಗಳು ಕೊಡಿ.

10. ಕಂಪನಿ ಮುಳುಗಿದರೂ, ಮಾರಾಟವಾದರೂ ಮೈಲ್ಸ್ ಉಳಿಯಲಿ.

ನಮ್ಮ ಊರಿಗೆ ಇದರ ನೆನಪು ಹತ್ತಿರದ್ದು. ಬೆಂಗಳೂರಿನಲ್ಲೇ ನೋಂದಾಯಿತ ಕಚೇರಿ ಇದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಕಿಂಗ್ ಕ್ಲಬ್ ಖಾತೆಯಲ್ಲಿ ಮೈಲ್ಸ್ ಇತ್ತು, ಹತ್ತಲು ವಿಮಾನವಿರಲಿಲ್ಲ. ಸಂಬಳ ಸಿಗದ ನೌಕರರ ನೋವಿನ ಮುಂದೆ ಪ್ರಯಾಣಿಕರ ಈ ನಷ್ಟ ಚಿಕ್ಕದು, ಅದನ್ನು ಒಪ್ಪುತ್ತೇವೆ. ಆದರೆ ಮುಂದಿನ ಸಲ ಹಾಗಾಗದಂತೆ ತಡೆಯುವ ದಾರಿ ಇದೆ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಅದರ ಮೈಲ್ಸ್ ಯೋಜನೆ ಜೆಟ್‌ಪ್ರಿವಿಲೇಜ್ ಬೇರೆಯೇ ಕಂಪನಿಯಾಗಿದ್ದ ಕಾರಣ ಸದಸ್ಯರ ಲೆಕ್ಕ ಅದರ ಜೊತೆ ಮುಳುಗಲಿಲ್ಲ. ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿದಾಗ ಕ್ಲಬ್ ವಿಸ್ತಾರಾದ ಪಾಯಿಂಟ್ಸ್ ಒಂದಕ್ಕೆ ಒಂದರಂತೆ ಏರ್ ಇಂಡಿಯಾದ ಯೋಜನೆಗೆ ಬಂದವು. ಎರಡು ಬೇರೆ ಬೇರೆ ಪುಸ್ತಕಗಳ ಲಕ್ಷಾಂತರ ಖಾತೆಗಳನ್ನು ಒಂದು ಮಾಡಲು ಸಾಧ್ಯವಾದ ಮೇಲೆ, ದೇಶ ಬಿಡುವ ಒಬ್ಬಳ ಖಾತೆಯನ್ನು ಸಾಗಿಸುವುದು ತಾಂತ್ರಿಕವಾಗಿ ಕಷ್ಟ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. ಇಲ್ಲಿ ನಮ್ಮ ಬೇಡಿಕೆ ಎರಡು: ಮೈಲ್ಸ್‌ನ ಬಾಕಿಗೆ ತಕ್ಕ ಹಣವನ್ನು ಕಂಪನಿ ಪ್ರತ್ಯೇಕ ನಿಧಿಯಲ್ಲಿಡಬೇಕು, ವಿಲೀನಕ್ಕೆ ಒಪ್ಪಿಗೆ ಕೊಡುವಾಗ ಸದಸ್ಯರ ಮೈಲ್ಸ್ ರಕ್ಷಣೆ ಸರ್ಕಾರದ ಲಿಖಿತ ಷರತ್ತಾಗಬೇಕು.

11. ನಾಮಿನಿ ಹೆಸರಿಸಲು ಅವಕಾಶ ಕೊಡಿ.

ಬ್ಯಾಂಕಿಗೆ ನಾಮಿನಿ ಇದ್ದಾರೆ, ಪಿಎಫ್‌ಗೆ ಇದ್ದಾರೆ, ವಿಮೆಗೆ ಇದ್ದಾರೆ. ಮೈಲ್ಸ್ ಸದಸ್ಯನ ಜೊತೆಗೇ ಸಾಯುತ್ತದೆ ಎನ್ನುವ ಕಂಪನಿಗಳಿವೆ. ಡೆಲ್ಟಾ 2013ರಿಂದ ಇದೇ ನಿಯಮ ಇಟ್ಟುಕೊಂಡಿದೆ. ಪರದೇಶದಲ್ಲಿ ಗಂಡನನ್ನು ಕಳೆದುಕೊಂಡು ಮಕ್ಕಳ ಜೊತೆ ಊರಿಗೆ ಮರಳುವ ಹೆಣ್ಣುಮಗಳಿಗೆ ಆ ಮೈಲ್ಸ್ ಊರು ಸೇರುವ ಟಿಕೆಟ್ ಆಗಬಲ್ಲದು. ಮರಣ ಪ್ರಮಾಣಪತ್ರ ಕೊಟ್ಟ 15 ದಿನದಲ್ಲಿ ಶುಲ್ಕವಿಲ್ಲದೆ ನಾಮಿನಿಯ ಹೆಸರಿಗೆ ಬರೆಯಿರಿ.

12. ಕೊಲ್ಲಿಗೆ ಹೋಗುವವರ, ವಿದ್ಯಾರ್ಥಿಗಳ ಪ್ರಯಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದೆಲ್ಲ ಉಳ್ಳವರ ಚಿಂತೆ ಎಂದು ಭಾವಿಸಬೇಡಿ. ಮಂಗಳೂರಿನಿಂದ ದುಬೈ, ಅಬುಧಾಬಿ, ದಮ್ಮಾಮ್‌ಗೆ ಹಾರುವವರಲ್ಲಿ ಡ್ರೈವರುಗಳಿದ್ದಾರೆ, ನರ್ಸುಗಳಿದ್ದಾರೆ, ಹೋಟೆಲು ಕೆಲಸದವರಿದ್ದಾರೆ. ಎರಡು ವರ್ಷಕ್ಕೊಮ್ಮೆ ರಜೆ, ಟಿಕೆಟ್ ಮಾಡಿಸುವುದು ಏಜೆಂಟ್. ಸದಸ್ಯತ್ವದ ನಂಬರ್ ಹಾಕಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇಪ್ಪತ್ತು ವರ್ಷ ಹೋಗಿಬಂದರೂ ಖಾತೆಯಲ್ಲಿ ಏನೂ ಇರುವುದಿಲ್ಲ, ಏಕೆಂದರೆ ಖಾತೆಯೇ ಇರುವುದಿಲ್ಲ. ಮೊದಲ ಸಲ ಓದಲು ಹೋಗುವ ಮಕ್ಕಳದೂ ಹೀಗೆಯೇ. ಮುಗಿದ ಪ್ರಯಾಣದ ಮೈಲ್ಸ್ ಕೇಳಿ ಪಡೆಯುವ ಅವಧಿಯನ್ನು ಎಲ್ಲ ಕಂಪನಿಗಳೂ ಒಂದು ವರ್ಷಕ್ಕೆ ಏರಿಸಲಿ; ಬೋರ್ಡಿಂಗ್ ಪಾಸ್ ಕಳೆದುಹೋಗಿದ್ದರೆ ಟಿಕೆಟ್ ನಂಬರಿನ ಮೇಲೆ ಕೊಡಲಿ; ಆ ಒಂದು ವರ್ಷದಲ್ಲಿ ಹಾರಿದ ನಂತರ ಸದಸ್ಯರಾದವರಿಗೂ ಅದು ಸಿಗಲಿ. ಏಜೆಂಟರು ಟಿಕೆಟ್ ಕೊಡುವಾಗ ಈ ಪ್ರಶ್ನೆ ಕೇಳುವುದು ಕಡ್ಡಾಯವಾಗಲಿ. ಮಂಗಳೂರು, ಬೆಂಗಳೂರು ನಿಲ್ದಾಣಗಳಲ್ಲಿ ಕನ್ನಡದಲ್ಲಿ ಫಲಕ ಹಾಕಿ, ಕನ್ನಡದಲ್ಲಿ ಉತ್ತರಿಸುವವರನ್ನು ಕೂರಿಸಿ.

13. ದೂರು ಕೊಡಲು ನಮಗೆ ಒಂದು ಬಾಗಿಲು ತೋರಿಸಿ.

ಅಮೆರಿಕದ ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ನಾರ್ತ್‌ವೆಸ್ಟ್ ವಿಮಾನ ಕಂಪನಿ ಮತ್ತು ಗಿನ್ಸ್‌ಬರ್ಗ್ ಎಂಬ ಪ್ರಯಾಣಿಕರ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪದೇ ಪದೇ ದೂರು ಹೇಳುತ್ತಾರೆಂದು ಕಂಪನಿ ಒಬ್ಬ ಹಳೆಯ ಸದಸ್ಯರನ್ನು ಯೋಜನೆಯಿಂದ ಹೊರಗೆ ಹಾಕಿತ್ತು. ಕಂಪನಿ ಸದ್ಭಾವದಿಂದ ನಡೆದುಕೊಳ್ಳಲಿಲ್ಲ ಎಂಬ ಅವರ ವಾದವನ್ನು 1978ರ ವಿಮಾನಯಾನ ಕಾಯ್ದೆಯ ಕಾರಣಕ್ಕೆ ಕೋರ್ಟ್ ಎತ್ತಿಹಿಡಿಯಲಿಲ್ಲ. ಅಲ್ಲಿನ ಸಾರಿಗೆ ಇಲಾಖೆ ನಾಲ್ಕು ದೊಡ್ಡ ಕಂಪನಿಗಳ ಮೈಲ್ಸ್ ಯೋಜನೆಗಳ ವಿಚಾರಣೆಗೆ ಕೈಹಾಕಿದ್ದು ಹತ್ತು ವರ್ಷದ ನಂತರ, 2024ರ ಸೆಪ್ಟೆಂಬರಿನಲ್ಲಿ. ನಾವು ಅಷ್ಟು ಕಾಯಬೇಕಿಲ್ಲ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ ಎಂಬುದಕ್ಕೆ ವ್ಯಾಖ್ಯೆ ಇದೆ. ಅಂಥ ಷರತ್ತನ್ನು ಅನೂರ್ಜಿತಗೊಳಿಸುವ ಅಧಿಕಾರ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಇದೆ. ಮುನ್ಸೂಚನೆಯಿಲ್ಲದೆ ಮೈಲ್ಸ್ ಬೆಲೆ ಇಳಿಸುವ, ಕಾರಣ ಕೊಡದೆ ಖಾತೆ ಮುಚ್ಚುವ ಷರತ್ತುಗಳನ್ನು ಗ್ರಾಹಕ ಪ್ರಾಧಿಕಾರ ತಾನಾಗಿ ಪರಿಶೀಲಿಸಲಿ.

ಅದೇ ಕಾಯ್ದೆ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು ಎನ್ನುತ್ತದೆ. ಒಳ್ಳೆಯ ನಿಯಮ, ಆದರೆ ದೇಶ ಬಿಟ್ಟ ದಿನ ಅದರ ಅನುಕೂಲ ನಮ್ಮ ಕೈತಪ್ಪುತ್ತದೆ. ಅನಿವಾಸಿಗಳಿಗೆ ಭಾರತದಲ್ಲಿದ್ದ ಕೊನೆಯ ವಿಳಾಸವನ್ನೇ ವಾಸದ ಊರೆಂದು ಪರಿಗಣಿಸಿ. ಸಚಿವಾಲಯದ ದೂರು ಜಾಲತಾಣವಾದ ಏರ್‌ಸೇವಾದಲ್ಲಿ ಮೈಲ್ಸ್ ದೂರಿಗೆ ಪ್ರತ್ಯೇಕ ವಿಭಾಗ ತೆರೆಯಿರಿ, 30 ದಿನದಲ್ಲಿ ತೀರ್ಮಾನ ಹೇಳಿ. ದೂರು ಬಾಕಿ ಇರುವಷ್ಟು ದಿನ ಗಡುವು ಓಡಬಾರದು.

14. ಈ ಪತ್ರಕ್ಕೆ 60 ದಿನದೊಳಗೆ, ಬೇಡಿಕೆಯ ಸಂಖ್ಯೆ ಹಾಕಿ, ಒಂದೊಂದಕ್ಕೂ ಉತ್ತರಿಸಿ.

ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲ ಎಂದು ಬರೆಯಿರಿ. ಉತ್ತರ ಕನ್ನಡದಲ್ಲಿರಲಿ. ಈ ಮೈಲ್ಸ್‌ನಲ್ಲಿ ಹಾರಬೇಕಾಗಿರುವ ಅಪ್ಪ ಅಮ್ಮಂದಿರು ಅದನ್ನು ತಾವೇ ಓದಿ ನೋಡಬೇಕು.

ಇತಿ,
ದೇಶ ಬಿಟ್ಟು ನೆಲೆಸಿದ ಮತ್ತು ನೆಲೆಸಲು ಹೊರಟ ಪ್ರಯಾಣಿಕರು, ಊರಿನಲ್ಲಿ ಕಾಯುತ್ತಿರುವ ಅವರ ಮನೆಯವರು